ಸ್ಟಾರ್ ಮನೆಯೊಳಗೊಬ್ಬ ಅಭಿಮಾನಿ!

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ರೂಮಿನ ಗೋಡೆ ಮೇಲೆ ಎಷ್ಟು ಫೋಟೋ ಅಂಟಿಸಿದ್ದೀರಿ? ಟ್ರಂಕಿನ ಮುಚ್ಚಳದ ಒಳಗೆ? ನೋಟ್‌ಬುಕ್ಕಿನ ರಟ್ಟಿಗೆ? ಇಂಥದ್ದೇ ಪತ್ರಿಕೆಯ ನಡುಪುಟ ಕತ್ತರಿಸಿ, ಮೈದಾ ಅಂಟಿನಲ್ಲಿ ಮೆತ್ತಿ, "ಸುಣ್ಣ ಹೊಡೆಸಿದ ಗೋಡೆ ಹಾಳು ಮಾಡಿದ್ಯಲ್ಲೋ" ಅಂತ ಅಮ್ಮನ ಕೈಲಿ ಬೈಸಿಕೊಂಡವರು ಎಷ್ಟು ಜನ? ಕೈ ಎತ್ತಿ!

ನಿಮ್ಮ ಹಾಗೇ ಕತ್ತರಿ ಹಿಡಿದು ಕೂತು, ಪೇಪರಿನ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿ, ಕೊನೆಗೆ ಹೆಂಡತಿ ಅದನ್ನೆಲ್ಲ ಕಿತ್ತು ಹಾಕಿಸಿದಾಗ ತೆಪ್ಪಗೆ ಕೂತ ಮಹಾಶಯನೊಬ್ಬ ನ್ಯೂಯಾರ್ಕಿನಲ್ಲಿದ್ದ. ಗ್ರಾಮಫೋನ್ ಪ್ಲೇಟುಗಳ ಹುಚ್ಚ. ಬೇಸ್‌ಬಾಲ್ ಹುಚ್ಚ. ಬೀದಿ ಮಕ್ಕಳನ್ನ ಮನೆಯೊಳಗೆ ಕರೆದು ಟಿ.ವಿ. ಮುಂದೆ ಕೂರಿಸಿಕೊಂಡು ಕೌಬಾಯ್ ಕತೆ ನೋಡುತ್ತಿದ್ದ ಹುಚ್ಚ. ಹೆಸರು ಲೂಯಿ ಆರ್ಮ್‌ಸ್ಟ್ರಾಂಗ್. ಚಂದ್ರನ ಮೇಲೆ ಇಳಿದಾತ ಅಲ್ಲ ಸ್ವಾಮಿ, ಅವನು ನೀಲ್! ಈತ ಟ್ರಂಪೆಟ್ ಊದಿ, ಭೂಮಿ ಮೇಲೆ ಕೂತವರನ್ನೇ ಚಂದ್ರಲೋಕಕ್ಕೆ ಕಳಿಸಿದಾತ.

"ಜಾಜ್ ನಮಗೆ ಯಾಕಪ್ಪಾ?" ಅಂತ ಪುಟ ತಿರುವಬೇಡಿ. ನಿಮಗೆ ಈತ ಗೊತ್ತು. 1969ರ ಜೇಮ್ಸ್ ಬಾಂಡ್ ಚಿತ್ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್'ನಲ್ಲಿ ಮರಳುಕಾಗದ ಉಜ್ಜಿದಂಥ ಗಂಟಲಲ್ಲಿ ಒಂದು ಪ್ರೇಮಗೀತೆ ಬರುತ್ತಲ್ಲ, ಅದು ಈತನದೇ. (ಅದೇ ವರ್ಷ ನಮ್ಮ ಅಣ್ಣಾವ್ರು 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಆಗಿ ಪಿಸ್ತೂಲು ಹಿಡಿದು ಓಡಾಡ್ತಿದ್ದರು, ನೆನಪಿರಲಿ!) ಹಿಂದಿಯ 'ಅಲ್‌ಬೇಲಾ' ನೋಡಿದ್ದೀರಾ? 1951ರದು, ಸಿ. ರಾಮಚಂದ್ರ ಸಂಗೀತ. ಅದರಲ್ಲಿ ತೆರೆಯ ಮೇಲೇ ಟ್ರಂಪೆಟ್ ಊದೋ ಗೋವಾದ ಚಿಕ್ ಚಾಕಲೇಟ್ ಅನ್ನುವಾತನಿಗೆ ಬೊಂಬಾಯಿಯಲ್ಲಿ ಇದ್ದ ಬಿರುದೇ 'ಇಂಡಿಯಾದ ಲೂಯಿ ಆರ್ಮ್‌ಸ್ಟ್ರಾಂಗ್'. ಕ್ಲಬ್ ಡಾನ್ಸು ಶುರುವಾಗೋಕೆ ಮುಂಚೆ 'ಪ್ಯಾಂ' ಅಂತ ತುತ್ತೂರಿ ಮೊಳಗುತ್ತಲ್ಲ, ಆ ಶೋಕಿಯ ಬೇರು ಹುಡುಕಿಕೊಂಡು ಹೋದರೆ ಈ ಮನುಷ್ಯನ ಮನೆ ಬಾಗಿಲಿಗೇ ಬಂದು ನಿಲ್ಲಬೇಕು.

ಆ ಬಾಗಿಲಿಗೇ ಹೋಗಿದ್ದೆ ನಾನು. ದಾರಿ ಹೇಳ್ತೀನಿ ಕೇಳಿ.

ಮ್ಯಾನ್‌ಹಟ್ಟನ್‌ನ ಟೈಮ್ಸ್ ಸ್ಕ್ವೇರಿನಲ್ಲಿ ನೇರಳೆ ಬಣ್ಣದ ಗುರುತಿನ 7ನೇ ನಂಬರು ರೈಲು ಹತ್ತಬೇಕು. ನದಿಯ ಕೆಳಗಿನ ಸುರಂಗ ದಾಟಿ ಕ್ವೀನ್ಸ್ ಸೇರಿದ ಮೇಲೆ ರೈಲು ನೆಲದಿಂದ ಎದ್ದು ಕಬ್ಬಿಣದ ಕಂಬಗಳ ಮೇಲೆ ಓಡುತ್ತೆ. ಮನೆಗಳ ಎರಡನೇ ಮಹಡಿಯ ಕಿಟಕಿ, ಒಣಗಹಾಕಿದ ಬಟ್ಟೆ ಎಲ್ಲ ಕೈಗೆ ಸಿಗೋಹಾಗೆ! 74ನೇ ಬೀದಿಯಲ್ಲಿ ಇಳಿದರೆ ಜಾಕ್ಸನ್ ಹೈಟ್ಸ್. ಸೀರೆ ಅಂಗಡಿ, ಜಿಲೇಬಿ, ಬಂಗಾರದ ಅಂಗಡಿ, ಎಲ್ಲ ಉಂಟು. ಅಲ್ಲಿ ಇಳಿಯಬೇಡಿ, ಇಳಿದರೆ ಮುಂದಕ್ಕೆ ಹೋಗೋ ಮನಸ್ಸಾಗಲ್ಲ. 103ನೇ ಬೀದಿ, ಕರೋನಾ ಪ್ಲಾಜಾ ಅನ್ನೋ ಸ್ಟೇಷನ್ನಿಗೆ ಟಿಕೆಟ್ಟು. ಹೌದು, ಊರಿನ ಹೆಸರೇ ಕರೋನಾ! ಕಾಯಿಲೆ ಬರೋ ಎಷ್ಟೋ ವರ್ಷ ಮೊದಲೇ ಇಟ್ಟ ಹೆಸರು, ಪಾಪ. ಎಕ್ಸ್‌ಪ್ರೆಸ್ ರೈಲು ಇಲ್ಲಿ ನಿಲ್ಲೋದಿಲ್ಲ, ಲೋಕಲ್ಲೇ ಹಿಡೀಬೇಕು.

ಮೆಟ್ಟಿಲು ಇಳಿದರೆ ನೀವು ಸಿನಿಮಾದಲ್ಲಿ ನೋಡಿದ ನ್ಯೂಯಾರ್ಕ್ ಇಲ್ಲಿಲ್ಲ. ಗಗನಚುಂಬಿ ಇಲ್ಲ, ಟೈ ಕಟ್ಟಿದವರಿಲ್ಲ. ರೈಲು ಕಂಬದ ನೆರಳಲ್ಲಿ ಗಾಡಿ ಹಾಕಿಕೊಂಡು ಹಣ್ಣು ಕತ್ತರಿಸಿ ಮಾರುವ ಹೆಂಗಸರು, ಸ್ಪ್ಯಾನಿಷ್ ಬೋರ್ಡುಗಳು, ಮೆಕ್ಸಿಕೋ, ಈಕ್ವಡಾರ್ ಕಡೆಯಿಂದ ದುಡಿಯೋಕೆ ಬಂದ ಜನ. ನಮ್ಮ ಕಲಾಸಿಪಾಳ್ಯದ ಒಂದು ಬೀದಿಗೆ ಇಂಗ್ಲಿಷಿನ ಬದಲು ಸ್ಪ್ಯಾನಿಷ್ ಬರೆಸಿದರೆ ಹೇಗೋ ಹಾಗೆ. ಹತ್ತು ನಿಮಿಷ ನಡೆದರೆ 107ನೇ ಬೀದಿ. ಮನೆ ನಂಬರು 34-56. ಇಟ್ಟಿಗೆ ಮುಖದ ಸಾದಾ ಮನೆ. ಅಕ್ಕಪಕ್ಕದ ಮನೆಗಳಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಕಾವಲುಗಾರ, ಎತ್ತರದ ಗೇಟು, ಮೂರು ಕಾರಿನ ಶೆಡ್ಡು ಒಂದೂ ಇಲ್ಲ. ನಮ್ಮ ಎರಡು ಹಿಟ್ ಕೊಟ್ಟ ಹೀರೋ ಕೂಡ ಈ ಮನೇಲಿ ಇರೋಕೆ ಒಪ್ಪುತ್ತಿರಲಿಲ್ಲ, ಬಿಡಿ.

ಮನೆ ಕೊಂಡಿದ್ದು ಲೂಯಿ ಅಲ್ಲ. ಹೆಂಡತಿ ಲೂಸಿಲ್. ಕಾಟನ್ ಕ್ಲಬ್ಬಿನಲ್ಲಿ ಡಾನ್ಸರ್ ಆಗಿದ್ದಾಕೆ. 1942ರಲ್ಲಿ ಮದುವೆ. ಆತನಿಗೆ ನಾಲ್ಕನೇ ಮದುವೆ! ವರ್ಷದಲ್ಲಿ ಮುನ್ನೂರು ದಿನ ಊರೂರು ತಿರುಗೋ ಬಾಜಾ ಬಜಂತ್ರಿಯವನಿಗೆ ಹೋಟೆಲೇ ಮನೆ ಆಗಿತ್ತು. 1943ರಲ್ಲಿ ಲೂಸಿಲ್ ಗಂಡನಿಗೆ ತೋರಿಸದೇ ಈ ಮನೆ ಖರೀದಿ ಮಾಡಿ, ವಿಳಾಸ ಮಾತ್ರ ಕೊಟ್ಟಳು. ಲೂಯಿ ಟೂರ್ ಮುಗಿಸಿ ಟ್ಯಾಕ್ಸಿ ಹತ್ತಿ ಬಂದ. ಮನೆ ನೋಡಿದ. ಡ್ರೈವರಿಗೆ "ತಮಾಷೆ ಬೇಡ, ನಿಜವಾದ ವಿಳಾಸಕ್ಕೆ ಕರ್ಕೊಂಡು ಹೋಗು" ಅನ್ನೋ ಅರ್ಥದ ಮಾತು ಹೇಳಿದನಂತೆ. ಬಾಗಿಲು ತೆಗೆದು ಲೂಸಿಲ್ ಎದುರು ನಿಂತಾಗಲೇ ನಂಬಿಕೆ ಬಂದದ್ದು. ಆ ಟ್ಯಾಕ್ಸಿ ಡ್ರೈವರನ್ನೂ ಒಳಗೆ ಕರೆದು ಊಟ ಹಾಕಿಸಿದ. ಈ ಕತೆಯನ್ನ ಲೂಯಿಯೇ ಎಲ್ಲರಿಗೂ ಹೇಳುತ್ತಿದ್ದ. ನ್ಯೂ ಆರ್ಲಿಯನ್ಸ್‌ನ ಕಡುಬಡವರ ಕೇರಿಯಲ್ಲಿ 1901ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹೊಸ ವರ್ಷದ ರಾತ್ರಿ ಗಾಳಿಯಲ್ಲಿ ಪಿಸ್ತೂಲು ಹಾರಿಸಿ, ಪೊಲೀಸರ ಕೈಗೆ ಸಿಕ್ಕು, ಕರಿಯ ಮಕ್ಕಳ ಸುಧಾರಣಾ ಗೃಹ ಸೇರಿ, ಅಲ್ಲೇ ಕಾರ್ನೆಟ್ ವಾದ್ಯ ಕಲಿತವನು. ಸ್ವಂತ ಮನೆ ಅಂದರೆ ಆತನಿಗೆ ಕನಸೇ. ಸಾಯೋವರೆಗೂ, ಇಪ್ಪತ್ತೆಂಟು ವರ್ಷ, ಇದೇ ಮನೆ. ಹಣ ಬೇಕಾದಷ್ಟು ಬಂತು, ಬೇರೆ ಬಡಾವಣೆಗೆ ಹೋಗಲಿಲ್ಲ.

ಒಳಗೆ ಹೋಗೋಣ. ಗೈಡ್ ಹುಡುಗಿ ಹತ್ತು ಹನ್ನೆರಡು ಜನರ ಗುಂಪು ಕಟ್ಟಿಕೊಂಡು ಒಳಗೆ ಬಿಟ್ಟಳು. ಬಚ್ಚಲಿನ ಗೋಡೆ ತುಂಬ ಕನ್ನಡಿ, ನಲ್ಲಿಗಳಿಗೆ ಚಿನ್ನದ ಲೇಪ. ಅಲ್ಲಿ ಮಾತ್ರ ಸ್ಟಾರ್ ಅನ್ನೋದು ಗೊತ್ತಾಗುತ್ತೆ. ಅಡುಗೆಮನೆ ಪೂರ್ತಿ ನೀಲಿ. ಲೂಯಿಗೆ ಪ್ರಾಣ ಅಂದರೆ ಕೆಂಪು ಕಾಳಿನ ಹುಳಿಯಂಥದ್ದು, ಜೊತೆಗೆ ಅನ್ನ. ಕಾಗದ ಬರೆದರೆ ಕೊನೇಲಿ 'ಇಂತಿ ನಿಮ್ಮ' ಅನ್ನೋ ಜಾಗದಲ್ಲಿ ಕಾಳು-ಅನ್ನದ ಹೆಸರೇ ಹಾಕುತ್ತಿದ್ದ! ಇನ್ನೊಂದು ಗೀಳೂ ಇತ್ತು, ಹೇಳಲೋ ಬೇಡವೋ... ಹೇಳೇಬಿಡ್ತೀನಿ. ಸ್ವಿಸ್ ಕ್ರಿಸ್ ಅನ್ನೋ ಭೇದಿ ಪುಡಿ. ತಾನು ತಿನ್ನೋದಲ್ಲದೆ ಸಿಕ್ಕಸಿಕ್ಕವರಿಗೆಲ್ಲ ಪೊಟ್ಟಣ ಹಂಚುತ್ತಿದ್ದ. ತಾನು ಪಾಯಿಖಾನೇಲಿ ಕೂತಿರೋ ಫೋಟೋ ಹಾಕಿ ಕಾರ್ಡು ಅಚ್ಚು ಮಾಡಿಸಿ ಅದನ್ನೂ ಹಂಚಿದ. ಇಂಥ ಸ್ಟಾರ್ ನಮ್ಮಲ್ಲಿ ಒಬ್ಬರಿದ್ದಾರಾ, ತೋರಿಸಿ!

ಮಹಡಿ ಹತ್ತಿದರೆ ಆತನ ಸ್ವಂತ ಕೋಣೆ. ಈ ಲೇಖನ ಬರೀತಿರೋದೇ ಆ ಕೋಣೆಗೋಸ್ಕರ.

ಗೋಡೆಯ ಕಪಾಟಿನಲ್ಲಿ ಟ್ಯಾಂಡ್‌ಬರ್ಗ್ ಕಂಪನಿಯ ಎರಡು ಟೇಪ್ ರೆಕಾರ್ಡರು. ಕ್ಯಾಸೆಟ್ಟಲ್ಲ, ದೊಡ್ಡ ದೊಡ್ಡ ಸ್ಪೂಲು ತಿರುಗೋವು. ಪಕ್ಕದಲ್ಲಿ ಪ್ಲೇಟು ಹಾಕೋ ಯಂತ್ರ. ಗೋಡೆ ಮೇಲೆ ಗಾಯಕ ಟೋನಿ ಬೆನೆಟ್ ತನ್ನ ಕೈಯಾರೆ ಬರೆದುಕೊಟ್ಟ ಲೂಯಿಯ ಚಿತ್ರ. 1940ರ ದಶಕದ ಕೊನೆಯಲ್ಲಿ ಟೇಪ್ ರೆಕಾರ್ಡರ್ ಅನ್ನೋದು ಹೊಸದಾಗಿ ಬಂದ ಕೂಡಲೇ ಕೊಂಡವರಲ್ಲಿ ಲೂಯಿ ಒಬ್ಬ. ಅಲ್ಲಿಂದ ಹಿಡಿದ ಚಟ. ಟೂರಿಗೆ ಹೋದರೂ ಪೆಟ್ಟಿಗೆಯಲ್ಲಿ ಯಂತ್ರ ತುಂಬಿಕೊಂಡೇ ಹೋಗ್ತಿದ್ದ. ಗ್ರೀನ್ ರೂಮಿನ ಹರಟೆ, ಗೆಳೆಯರ ಪೋಲಿ ಜೋಕು, ಗಂಡ-ಹೆಂಡಿರ ಮಾತು, ರೇಡಿಯೋ, ಟಿ.ವಿ., ಎಲ್ಲಾ ಟೇಪಿಗೆ. ಮುಖ್ಯವಾಗಿ ತನ್ನ ಪ್ಲೇಟುಗಳನ್ನೆಲ್ಲ ಒಂದೊಂದಾಗಿ ಟೇಪಿಗೆ ಇಳಿಸೋದು. ಹೀಗೆ ಸೇರಿದ ಸ್ಪೂಲುಗಳು ಸುಮಾರು 700!

ಆ ಸ್ಪೂಲಿನ ರಟ್ಟಿನ ಡಬ್ಬಿಗಳನ್ನ ನೋಡಬೇಕು. ಒಂದೊಂದರ ಮೇಲೂ ಲೂಯಿಯ ಕತ್ತರಿ ಕೆಲಸ. ಪೇಪರಿನ ಹೆಡ್ಡಿಂಗು, ತನ್ನ ಫೋಟೋ, ಗೆಳೆಯರ ಫೋಟೋ, ಅಭಿಮಾನಿಯ ಕಾರ್ಡು, ಭೇದಿ ಪುಡಿಯ ಲೇಬಲ್ಲು... ಒಂದರ ತಲೆ ಇನ್ನೊಂದರ ಮೈಗೆ ಜೋಡಿಸಿ, ಮೇಲೆ ಸೆಲೋಟೇಪು. ಇದೇ ಕೆಲಸ ಕೋಣೆ ಗೋಡೆ ಮೇಲೂ ಶುರು ಮಾಡಿದಾಗಲೇ ಲೂಸಿಲ್ ಕಿತ್ತು ಹಾಕಿಸಿದ್ದು. ಒಳಗೆ ಯಾವ ಸ್ಪೂಲಲ್ಲಿ ಯಾವ ಹಾಡು ಅಂತ ಸ್ವಂತ ಕೈಬರಹದಲ್ಲಿ ಪಟ್ಟಿ. ನಮ್ಮೂರ ಸೌಂಡ್ ಸಿಸ್ಟಂ ಅಂಗಡಿಯವನು ಮದುವೆ ಹಾಡಿನ ಪ್ಲೇಟುಗಳಿಗೆ ನಂಬರು ಹಾಕಿ ಇಡ್ತಿದ್ದನಲ್ಲ, ಅಷ್ಟೇ ಶ್ರದ್ಧೆ.

ಯಾರ ಪ್ಲೇಟು ಇಟ್ಟಿದ್ದ? ಜಾಜ್ ಪಂಡಿತರಿಗೆ ಮುಜುಗರವಾಗೋ ಪಟ್ಟಿ ಅದು. ಹುಡುಗನಾಗಿ ಮೊದಲ ಗ್ರಾಮಫೋನ್ ಕೊಂಡಾಗಲೇ ಇಟಲಿಯ ಆಪೆರಾ ಗಾಯಕ ಕರೂಸೋ, ಗಾಯಕಿ ಗಾಲಿ-ಕುರ್ಚಿ. ಆಮೇಲೆ ಗೈ ಲಂಬಾರ್ಡೋ ಅನ್ನೋ, ಜೇನು ಸುರಿದಂಥ ಸಿಹಿ ಸಂಗೀತದ ಬಿಳಿಯರ ಬ್ಯಾಂಡು. "ಜಾಜ್ ಚಕ್ರವರ್ತಿಗೆ ಇದ್ಯಾಕೆ ಇಷ್ಟ?" ಅಂತ ವಿಮರ್ಶಕರು ಮೂಗು ಮುರಿದರು. ಲೂಯಿ ಕೊನೇವರೆಗೂ ಬಿಡಲಿಲ್ಲ. ಚೆನ್ನಾಗಿದ್ದರೆ ಕೇಳು, ಅಷ್ಟೇ. ನಾವೂ ಪಿ.ಬಿ.ಎಸ್. ಕೇಳ್ತೀವಿ, ಮೇಲೆ ಎಲ್.ಆರ್. ಈಶ್ವರಿಯನ್ನೂ ಕೇಳ್ತೀವಲ್ಲ!

ಆದರೆ ಒಂದು ಸ್ಪೂಲಿನ ಸಂಗತಿ ಕೇಳಿ ನನಗೆ ಮಾತು ನಿಂತುಹೋಯ್ತು. ಲೂಯಿಯ ಗುರು ಜೋ ಆಲಿವರ್. ಜನ ಕರೀತಿದ್ದುದು 'ಕಿಂಗ್' ಆಲಿವರ್ ಅಂತ. 1922ರಲ್ಲಿ ಷಿಕಾಗೋಗೆ ಕರೆಸಿಕೊಂಡು ಶಿಷ್ಯನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡವನು. 1923ರಲ್ಲಿ ಇಬ್ಬರೂ ಸೇರಿ ಪ್ಲೇಟು ಕೊಟ್ಟರು. ಆಮೇಲೆ ಶಿಷ್ಯ ಏರಿದ, ಗುರು ಇಳಿದ. ಹಲ್ಲು ಹೋಯ್ತು, ವಸಡು ಕೆಟ್ಟಿತು. ಊದೋವನಿಗೆ ಹಲ್ಲೇ ಬಂಡವಾಳ ಕಣ್ರೀ. 1937ರಲ್ಲಿ ಸವಾನಾ ಅನ್ನೋ ಊರಿಗೆ ಕಾರ್ಯಕ್ರಮಕ್ಕೆ ಹೋದ ಲೂಯಿಗೆ ಗುರು ಸಿಕ್ಕಿದ್ದು ಬೀದಿಯಲ್ಲಿ, ತರಕಾರಿ ಮಾರುತ್ತಾ. ಜೇಬಲ್ಲಿದ್ದುದನ್ನೆಲ್ಲ ಕೊಟ್ಟ. ಮರುವರ್ಷ ಆಲಿವರ್ ತೀರಿಕೊಂಡ. ಎಷ್ಟೋ ವರ್ಷಗಳ ಮೇಲೆ, ಪ್ರಪಂಚವೇ ಮೆಚ್ಚಿದ ಮೇಲೆ, ಲೂಯಿ ತನ್ನ ಕೋಣೇಲಿ ಆ 1923ರ ಹಳೇ ಪ್ಲೇಟು ಹಾಕಿಕೊಂಡು, ಅದರ ಜೊತೆ ತಾನೂ ಟ್ರಂಪೆಟ್ ಊದಿ ಟೇಪು ಮಾಡಿದ್ದಾನೆ. ಕೇಳೋರು ಯಾರೂ ಇಲ್ಲ, ಟಿಕೆಟ್ಟು ಇಲ್ಲ, ಚಪ್ಪಾಳೆ ಇಲ್ಲ. ಸತ್ತ ಗುರು, ಇಪ್ಪತ್ತೆರಡರ ಹರೆಯದ ತಾನು, ವಯಸ್ಸಾದ ತಾನು. ಮೂವರ ಕಚೇರಿ!

ಇಷ್ಟೆಲ್ಲ ಯಾಕೆ ಕೂಡಿಟ್ಟ? ಸುಮ್ಮನೆ ಶೋಕಿಗೆ ಅಂತ ನನಗೆ ಅನ್ನಿಸಲಿಲ್ಲ. ಲೂಯಿಗೆ ಮುಂಚೆ ನ್ಯೂ ಆರ್ಲಿಯನ್ಸ್‌ನಲ್ಲಿ ಬಡ್ಡಿ ಬೋಲ್ಡನ್ ಅಂತ ಒಬ್ಬ ಕಾರ್ನೆಟ್ ವೀರ ಇದ್ದ. ಆತ ಊದಿದರೆ ಇಡೀ ಊರು ಆ ಕಡೆ ಕಿವಿ ಕೊಡ್ತಿತ್ತಂತೆ. ಇವತ್ತು ಆತನ ಒಂದೇ ಒಂದು ಪ್ಲೇಟು ಇಲ್ಲ. ಎಲ್ಲಾ 'ಅಂತೆ'. ನಮ್ಮ ಕತೆ ಬೇರೆಯಾ? ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'. ಅದರ ಪ್ರಿಂಟು ಎಲ್ಲಿದೆ ಸ್ವಾಮಿ? ಇಲ್ಲ. ಒಂದು ರೀಲೂ ಉಳಿದಿಲ್ಲ. ಹೆಸರು ಹೇಳಿ ಹೆಮ್ಮೆ ಪಡ್ತೀವಿ, ತೋರಿಸು ಅಂದರೆ ಬಾಯಿ ಮುಚ್ಚಿಕೊಳ್ತೀವಿ.

ಬೇಸ್‌ಬಾಲ್ ವಿಷಯಕ್ಕೆ ಬರೋಣ. ಇದು ನಮ್ಮ ಕ್ರಿಕೆಟ್ಟಿನ ದೂರದ ದಾಯಾದಿ. ತಂಡಕ್ಕೆ ಒಂಬತ್ತು ಜನ, ಒಂಬತ್ತು ಇನ್ನಿಂಗ್ಸ್, ದುಂಡನೆಯ ಬ್ಯಾಟು. 1931ರಲ್ಲಿ ಲೂಯಿ ಒಂಬತ್ತು ವರ್ಷದ ಮೇಲೆ ಹುಟ್ಟೂರಿಗೆ ಹೋದ. ರೇಡಿಯೋ ಕಾರ್ಯಕ್ರಮದಲ್ಲಿ ಬಿಳಿಯ ನಿರೂಪಕ 'ಈ ಕರಿಯನ ಹೆಸರು ನಾನು ಹೇಳಲ್ಲ' ಅಂತ ಹಿಂದೆ ಸರಿದ. ಲೂಯಿ ತಾನೇ ಮೈಕಿನ ಮುಂದೆ ನಿಂತು ತನ್ನನ್ನ ಪರಿಚಯ ಮಾಡಿಕೊಂಡು ಊದಿದ. ಅದೇ ಬೇಸಿಗೆಯಲ್ಲಿ ಊರ ಕರಿಯ ಹುಡುಗರ ಒಂದು ಬೇಸ್‌ಬಾಲ್ ತಂಡಕ್ಕೆ ದುಡ್ಡು ಹಾಕಿ, ಎದೆ ಮೇಲೆ ತನ್ನ ಹೆಸರಿರೋ ಅಚ್ಚ ಬಿಳಿ ಯೂನಿಫಾರಂ ಹೊಲಿಸಿಕೊಟ್ಟ. ತಂಡದ ಹೆಸರು 'ಆರ್ಮ್‌ಸ್ಟ್ರಾಂಗ್ಸ್ ಸೀಕ್ರೆಟ್ ನೈನ್'. ಫೋಟೋ ಇವತ್ತಿಗೂ ಇದೆ, ಹುಡುಗರ ಜೊತೆ ಲೂಯಿ. ಬಟ್ಟೆ ಎಷ್ಟು ಬಿಳಿ ಅಂದರೆ, ಮಣ್ಣಾಗುತ್ತೆ ಅಂತ ಹುಡುಗರು ನೆಲಕ್ಕೆ ಜಾರಿ ರನ್ ಕದಿಯೋಕೇ ಒಪ್ಪದೆ ಮ್ಯಾಚು ಸೋತರು ಅಂತ ಒಂದು ತಮಾಷೆ ಕತೆ! ಆ ಹುಡುಗರಿಗೆ ದೊಡ್ಡ ಲೀಗಿನ ಬಾಗಿಲು ಮುಚ್ಚಿತ್ತು ಅನ್ನೋದು ಮಾತ್ರ ತಮಾಷೆ ಅಲ್ಲ. ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದಲ್ಲಿ ಕಣಕ್ಕಿಳಿದು ಆ ಗೋಡೆ ಒಡೆದದ್ದು 1947ರಲ್ಲಿ.

ಕರೋನಾದ ಪಕ್ಕದಲ್ಲೇ 1964ರಲ್ಲಿ ಶೇ ಸ್ಟೇಡಿಯಂ ಎದ್ದಿತು. ಮೆಟ್ಸ್ ಅನ್ನೋ ತಂಡದ ತವರು. ಅದೇ ವರ್ಷದ ಮೇ ತಿಂಗಳಲ್ಲಿ, ಹದಿನಾಲ್ಕು ವಾರ ಒಂದನೇ ಸ್ಥಾನದಲ್ಲಿ ಕೂತಿದ್ದ ಬೀಟಲ್ಸ್ ಹುಡುಗರನ್ನ ಕೆಳಗಿಳಿಸಿ 'ಹೆಲೋ, ಡಾಲಿ!' ಮೇಲೇರಿತು. ಹಾಡಿದವನ ವಯಸ್ಸು 62. ಮರುವರ್ಷ ಬೀಟಲ್ಸ್ ಬಂದು ಲಕ್ಷ ಕಂಠಗಳು ಕಿರುಚಿದಂಥ ಕಚೇರಿ ಮಾಡಿದ್ದು ಇದೇ ಶೇ ಸ್ಟೇಡಿಯಂನಲ್ಲಿ, ಲೂಯಿ ಮನೆಯ ಮಗ್ಗುಲಲ್ಲಿ! 1969ರಲ್ಲಿ ಸದಾ ಸೋಲೋ ತಂಡ ಅನ್ನಿಸಿಕೊಂಡಿದ್ದ ಮೆಟ್ಸ್ ಅಲ್ಲೇ ವರ್ಲ್ಡ್ ಸೀರೀಸ್ ಗೆದ್ದಿತು. ಕಾಯಿಲೆಯಿಂದ ಎದ್ದ ಲೂಯಿ ಆ ವರ್ಷವೆಲ್ಲ ಹೆಚ್ಚಾಗಿ ಮನೆಯಲ್ಲೇ ಇದ್ದ. ಆ ಸ್ಟೇಡಿಯಂ ಈಗಿಲ್ಲ, ಕೆಡವಿದರು. 2009ರಿಂದ ಪಕ್ಕದಲ್ಲೇ ಹೊಸದು.

ಟಿ.ವಿ. ಮುಂದೆ ಲೂಯಿ ಅಂದರೆ ಬೀದಿ ಮಕ್ಕಳ ಸೈನ್ಯ. ಲೂಸಿಲ್‌ಗೆ ಮಕ್ಕಳಿರಲಿಲ್ಲ. ಬಸ್ಸು ಬಂದು ನಿಂತರೆ ಸಾಕು, ಮಕ್ಕಳು ಓಡಿಬಂದು ಪೆಟ್ಟಿಗೆ ಇಳಿಸೋರು. ಆಮೇಲೆ ಐಸ್‌ಕ್ರೀಂ, ಕೌಬಾಯ್ ಚಿತ್ರ. ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಮಕ್ಕಳಿಗೆ ಟ್ರಂಪೆಟ್ ತೋರಿಸ್ತಿರೋ ಫೋಟೋ ಜಗತ್ಪ್ರಸಿದ್ಧ. 1967ರ 'ವಾಟ್ ಎ ವಂಡರ್‌ಫುಲ್ ವರ್ಲ್ಡ್' ಹಾಡುವಾಗ ತನಗೆ ನೆನಪಾಗೋದು ಈ ಕರೋನಾ ಬೀದಿ, ಇಲ್ಲಿ ಬೆಳೆದ ಮೂರು ತಲೆಮಾರಿನ ಮಕ್ಕಳು ಅಂತ ಆತನೇ ಹೇಳಿಕೊಂಡಿದ್ದಾನೆ.

ಆದರೆ ಅದೇ ಟಿ.ವಿ.ಯಲ್ಲಿ ಲೋಕ ನೋಡಿದ ಲೂಯಿ ಬೇರೆ. ಬಿಳಿ ಕರವಸ್ತ್ರ, ಮೂವತ್ತೆರಡು ಹಲ್ಲು, ಸದಾ ನಗು. "ಬಿಳಿಯರನ್ನ ಖುಷಿಪಡಿಸೋ ಗುಲಾಮ" ಅಂತ ಕರಿಯ ಯುವಕರೇ ಬೈದರು. ಇದೇ ಬಡಾವಣೆಯಲ್ಲಿ ವಾಸವಾಗಿದ್ದ ಇನ್ನೊಬ್ಬ ಟ್ರಂಪೆಟ್ ಗಾರುಡಿಗ ಡಿಜ್ಜಿ ಗಿಲೆಸ್ಪಿಯೂ ಟೀಕಿಸಿದ. ಆಮೇಲೆ ತನ್ನ ಮಾತು ಹಿಂದಕ್ಕೆ ತಗೊಂಡ, ಅದು ದೊಡ್ಡತನ. 1957ರ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್ ಊರಿನ ಹೈಸ್ಕೂಲಿಗೆ ಒಂಬತ್ತು ಕರಿಯ ಮಕ್ಕಳು ಸೇರೋಕೆ ಹೋದರೆ, ರಾಜ್ಯಪಾಲನೇ ಬಂದೂಕಿನ ಪಹರೆ ಹಾಕಿ ತಡೆದ. ಆಗ ಎಲ್ಲ ಸ್ಟಾರುಗಳೂ ಮೆತ್ತಗಿದ್ದರು. ಲೂಯಿ ಮಾತ್ರ ಒಬ್ಬ ಚಿಕ್ಕ ವಯಸ್ಸಿನ ವರದಿಗಾರನ ಮುಂದೆ ಸಿಡಿದ. ಅಧ್ಯಕ್ಷ ಐಸೆನ್‌ಹೋವರ್‌ಗೆ ಧೈರ್ಯ ಇಲ್ಲ ಅಂದ, ಸರ್ಕಾರದ ಪರವಾಗಿ ರಷ್ಯಾ ಪ್ರವಾಸ ಹೋಗಲ್ಲ ಅಂದ. ಆತನ ಪ್ಲೇಟು ಒಡೆಯಿರಿ, ಕಾರ್ಯಕ್ರಮ ಬಹಿಷ್ಕರಿಸಿ ಅಂತ ಕೂಗೆದ್ದರೂ ಮಾತು ವಾಪಸ್ ತಗೊಳ್ಳಲಿಲ್ಲ. ಅದೇ ತಿಂಗಳು ಅಧ್ಯಕ್ಷ ಸೈನ್ಯ ಕಳಿಸಿ ಮಕ್ಕಳನ್ನ ಶಾಲೆಗೆ ಸೇರಿಸಿದ.

ಕ್ಯಾಮೆರಾ ಮುಂದೆ ಕಾಣದ ಆ ಲೂಯಿ ಇರೋದು ಈ ಸ್ಪೂಲುಗಳಲ್ಲೇ. ಬೈತಾನೆ, ಕೋಪ ಮಾಡ್ಕೋತಾನೆ, ಹೆಂಡತಿ ಜೊತೆ ವಾದ ಮಾಡ್ತಾನೆ, ಚರ್ಮದ ಬಣ್ಣಕ್ಕಾಗಿ ತಿಂದ ಅವಮಾನ ಹೇಳ್ತಾನೆ. ತನ್ನ ಬಗ್ಗೆ ಊರೆಲ್ಲ ಬರೆದ ಕತ್ತರಿಕೆಗಳನ್ನ ತನ್ನದೇ ಕತ್ತರಿಯಿಂದ ಮತ್ತೆ ಕತ್ತರಿಸಿ, ತನಗೆ ಬೇಕಾದ ಹಾಗೆ ಜೋಡಿಸಿದ್ದಾನೆ.

1971ರ ಜುಲೈ 6ರಂದು, ಇದೇ ಮನೆಯಲ್ಲಿ, ನಿದ್ದೆಯಲ್ಲೇ ಹೋದ. ಕೊನೆಯ ದಿನಗಳವರೆಗೂ ಪ್ಲೇಟುಗಳನ್ನ ಟೇಪಿಗೆ ಇಳಿಸುತ್ತಲೇ ಇದ್ದ. 1983ರಲ್ಲಿ ತೀರಿಕೊಂಡ ಲೂಸಿಲ್ ಮನೆಯನ್ನ ನಗರಕ್ಕೆ ಬಿಟ್ಟುಹೋದಳು. 2003ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. 2023ರಲ್ಲಿ ಎದುರುಗಡೆಯೇ ಹೊಸ ಕಟ್ಟಡ ಬಂತು, ಡಬ್ಬಿಗಳು, ಕಾಗದಗಳು ಎಲ್ಲ ಅಲ್ಲಿ ಭದ್ರ. ಹೋಗೋರು ಮೊದಲೇ ಟಿಕೆಟ್ ಕಾದಿರಿಸಿ, ಮನೆ ಚಿಕ್ಕದು, ಜನ ಜಾಸ್ತಿ.

ಹೊಟ್ಟೆ ಹಸಿದರೆ ಅದೇ ರೈಲು ಹತ್ತಿ ಕೊನೇ ಸ್ಟೇಷನ್ ಫ್ಲಷಿಂಗಿಗೆ ಹೋಗಿ. ಅಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣಪತಿ ದೇವಸ್ಥಾನ, ಕೆಳಗೆ ಕ್ಯಾಂಟೀನು, ಬಿಸಿ ಬಿಸಿ ದೋಸೆ. ಲೂಯಿಯ ಸಮಾಧಿಯೂ ಫ್ಲಷಿಂಗಿನಲ್ಲೇ, ಕಲ್ಲಿನ ಮೇಲೊಂದು ಬಿಳಿ ಟ್ರಂಪೆಟ್ಟು. ಬೈದು ಆಮೇಲೆ ಒಪ್ಪಿಕೊಂಡ ಡಿಜ್ಜಿ ಕೂಡ 1993ರಿಂದ ಅದೇ ಸ್ಮಶಾನದಲ್ಲಿದ್ದಾನೆ. ಬದುಕಿದ್ದಾಗಲೂ ನೆರೆಮನೆಯವರೇ, ಈಗಲೂ.

ನಾನು ಹೋದ ದಿನ ದಾರಿಯಲ್ಲಿ ಮೆಟ್ಸ್ ಸ್ಟೇಷನ್ನಿನಲ್ಲಿ ಮ್ಯಾಚು ಮುಗಿಸಿದ ಜನ ನೀಲಿ ಟೋಪಿ ಹಾಕಿಕೊಂಡು ದಬದಬ ಹತ್ತಿದರು. ಪಕ್ಕದಲ್ಲಿ ನಿಂತ ಹತ್ತು ವರ್ಷದ ಹುಡುಗನ ಕೈಲಿ ಆಟಗಾರರ ಫೋಟೋ ಕಾರ್ಡುಗಳ ಕಟ್ಟು. ರಬ್ಬರ್ ಬ್ಯಾಂಡ್ ಬಿಚ್ಚಿ ಒಂದೊಂದಾಗಿ ಎಣಿಸ್ತಿದ್ದ. "ಗೆದ್ದರಾ?" ಅಂದೆ. ತಲೆ ಎತ್ತದೇ "ಸೋತರು" ಅಂದ, ಎಣಿಸೋದು ಮಾತ್ರ ನಿಲ್ಲಿಸಲಿಲ್ಲ.